ಮನೆಗೆ ನಾಯಿ ತರುವ ಮುನ್ನ

ಈಚೆಗೆ ನಮಗೆ ಬರುತ್ತಿರುವ ಪತ್ರಗಳಲ್ಲಿ ನಾಯಿ ಸಾಕುವ ವಿಚಾರವೇ ಹೆಚ್ಚಾಗಿದೆ. ಯಾವ ಜಾತಿಯ ನಾಯಿ ಒಳ್ಳೆಯದು, ಯಾವುದು ಮಕ್ಕಳೊಡನೆ ಹೊಂದಿಕೊಂಡೀತು, ಯಾವುದಕ್ಕೆ ಖರ್ಚು ಕಡಿಮೆ ಎಂದು ಕೇಳುವವರು ಹಲವರು. ಸೊಲ್ಲಾಪುರದ ಕಡೆಯ ಸೋದರಿಯೊಬ್ಬರು, ತಮ್ಮ ಮಗನು ನೀಲಿಗಣ್ಣಿನ ಹಸ್ಕಿ ನಾಯಿಯೇ ಬೇಕೆಂದು ಹಟ ಹಿಡಿದಿರುವನೆಂದೂ, ಮನೆಯವರೂ ಹೆಚ್ಚುಕಡಿಮೆ ಒಪ್ಪಿರುವರೆಂದೂ ತಿಳಿಸಿ ನಮ್ಮ ಸಲಹೆ ಕೇಳಿದ್ದಾರೆ. ಅವರಿಗೆ ನಮ್ಮ ಉತ್ತರ ಒಂದೇ ಮಾತಿನದು: ಬೇಡ. ಏಕೆ ಬೇಡವೆಂಬುದನ್ನು ಹೇಳಹೊರಟರೆ ಎಲ್ಲ ಓದುಗ ಬಂಧುಗಳಿಗೂ ಸಲ್ಲುವ ಮಾತುಗಳು ಅದರಲ್ಲಿರುವುದರಿಂದ, ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಾಯಿಗಳಲ್ಲಿ ಕಾಣುವ ತಳಿಭೇದಗಳು ಬಹುಮಟ್ಟಿಗೆ ಮನುಷ್ಯನು ಮಾಡಿದವು. ಕುರಿ ಕಾಯಲು ಒಂದು, ಮೊಲದ ಬೆನ್ನಟ್ಟಲು ಒಂದು, ಬಿಲದೊಳಗೆ ನುಗ್ಗಲು ಒಂದು, ಅರಮನೆಯವರ ತೊಡೆಯ ಮೇಲೆ ಮಲಗಲು ಒಂದು, ಹೀಗೆ ಬೇಕಾದ ಗುಣವುಳ್ಳ ಗಂಡುಹೆಣ್ಣುಗಳನ್ನು ಆರಿಸಿ ಕೂಡಿಸುತ್ತ ಬಂದುದರ ಫಲವಿದು. ಕೆಲಸ ಹೋದರೂ ಆ ಕೆಲಸಕ್ಕಾಗಿ ಬೆಳೆಸಿದ ಸ್ವಭಾವ ಹೋಗುವುದಿಲ್ಲ. ಆದುದರಿಂದ ನಾಯಿಯ ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವುದಕ್ಕೆ ಮೊದಲು, ಇದನ್ನು ಯಾವ ಕೆಲಸಕ್ಕೆ, ಯಾವ ಹವೆಯಲ್ಲಿ ಬೆಳೆಸಿದರು ಎಂದು ವಿಚಾರಿಸಬೇಕು. ಹಸ್ಕಿಯು ಸೈಬೀರಿಯದ ಹಿಮದಲ್ಲಿ ಜಾರುಬಂಡಿ ಎಳೆದ ನಾಯಿ. ಅದರ ಮೈಮೇಲೆ ಎರಡು ಪದರದ ಕೂದಲಿದೆ. ನಾಯಿಗೆ ಬೆವರು ಬರುವುದಾದರೂ ಪಾದದ ಮೆತ್ತೆಗಳಲ್ಲಿ ಮಾತ್ರ. ಮಿಕ್ಕ ಕಾವನ್ನೆಲ್ಲ ನಾಲಗೆ ಚಾಚಿ, ಏದುಸಿರು ಬಿಟ್ಟೇ ಕಳೆಯಬೇಕು. ಅಂಥ ಪ್ರಾಣಿಯನ್ನು 40 ಡಿಗ್ರಿ ಮೀರುವ ಸೊಲ್ಲಾಪುರದ ಬೇಸಗೆಗೆ ತಂದು, ಹವಾನಿಯಂತ್ರಿತ ಕೋಣೆಯಲ್ಲಿಟ್ಟು ಸಾಕುವೆವೆಂದು ಹೇಳುವವರಿದ್ದಾರೆ. ವಿದ್ಯುತ್ತು ಹೋದ ಮಧ್ಯಾಹ್ನ ಅವರೇನು ಮಾಡುವರೋ ತಿಳಿಯದು. ಮೈಲಿಗಟ್ಟಲೆ ಓಡಲೆಂದು ಹುಟ್ಟಿದ ಪ್ರಾಣಿಯನ್ನು ಕೋಣೆಯಲ್ಲಿ ಕೂಡಿಹಾಕುವುದೂ ಒಂದು ಬಗೆಯ ಹಿಂಸೆಯೇ.

ನಾಯಿಯ ಗುಣವನ್ನರಿತು ಗೌರವಿಸುವುದು ಕನ್ನಡಿಗರಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ವೀರಗಲ್ಲು ಇದಕ್ಕೆ ಸಾಕ್ಷಿ. ಗಂಗರಸ ಬೂತುಗನ ಆಪ್ತನಾದ ಮಣಲೆರನ ಬಳಿ ಕಾಳಿ ಎಂಬ ಬೇಟೆನಾಯಿ ಇದ್ದಿತು. ಅದು ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತುವು. ಆ ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಅರಸರ ಯುದ್ಧದ ಸುದ್ದಿಯನ್ನು ಹೇಳುವ ಅದೇ ಕಲ್ಲಿನ ಮೇಲೆ ನಾಯಿಯ ಹೋರಾಟವೂ ಕೆತ್ತಲ್ಪಟ್ಟಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಶಿಲೆಯನ್ನು ನಮ್ಮ ಮಕ್ಕಳಿಗೆ ಒಮ್ಮೆ ತೋರಿಸತಕ್ಕದ್ದು.

ಬೇಟೆನಾಯಿಯೆಂದರೆ ಜತ್ತ, ಅಕ್ಕಲಕೋಟೆಗಳ ನಮ್ಮ ಓದುಗರಿಗೆ ಮೊದಲು ನೆನಪಾಗುವುದು ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಇದಕ್ಕೆ ಅಂಟಿಕೊಂಡಿದೆಯಾದರೂ, ಗಡಿಯ ಈಚೆಗೂ ಇದು ಹಿಂದಿನಿಂದ ಇದ್ದೇ ಇದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದನ್ನು ಕಾರವಾನಿ ಎನ್ನುವರು. ಕಿವಿ, ಕಾಲು, ಬಾಲಗಳಲ್ಲಿ ರೇಷ್ಮೆಯಂಥ ಕುಚ್ಚು ಇದ್ದರೆ ಪಶ್ಮಿ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಜೋಡಿ ಮರಿಗಳನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧ. 2005ರಲ್ಲಿ ಭಾರತದ ಅಂಚೆ ಇಲಾಖೆ ದೇಶೀಯ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. 2016ರಲ್ಲಿ ಇದರ ಮರಿಗಳನ್ನು ಸೈನ್ಯದವರು ತರಬೇತಿಗಾಗಿ ಮೀರತ್ತಿಗೆ ಒಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ನಾಯಿಗಳ ಸಂಶೋಧನಾ ಕೇಂದ್ರವೂ ಇದೆ.

ಇಷ್ಟು ಕೀರ್ತಿ ಬಂದ ಮೇಲೆ ಪಟ್ಟಣಗಳಲ್ಲಿಯೂ ಮುಧೋಳ ನಾಯಿ ಕೊಳ್ಳುವ ಹುಮ್ಮಸ್ಸು ಹುಟ್ಟಿದೆ. ಇಲ್ಲಿಯೇ ಎಚ್ಚರ ಬೇಕಾದುದು. ಗಂಡುನಾಯಿ ಭುಜದ ಬಳಿ ಸುಮಾರು 27 ಇಂಚು ಎತ್ತರ. ಉದ್ದನೆಯ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಹೊಸಬರು ಇದನ್ನು ಕಂಡು ಉಪವಾಸ ಕೆಡವಿದ್ದಾರೆಂದು ಮರುಗುವುದುಂಟು. ಹಾಗೇನೂ ಇಲ್ಲ, ಓಡುವ ಪ್ರಾಣಿ ಇರಬೇಕಾದುದೇ ಹಾಗೆ. ಇದು ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಂದ ಕಂಡು ಅಟ್ಟುವ ನಾಯಿ. ದೂರದಲ್ಲಿ ಏನಾದರೂ ಓಡಿತೆಂದರೆ ಕರೆ ಕಿವಿಗೆ ಬೀಳುವುದಿಲ್ಲ. ಮೊಲವೇ ಆಗಬೇಕೆಂದಿಲ್ಲ, ನೆರೆಯವರ ಬೆಕ್ಕೂ ಕೋಳಿಯೂ ಆದೀತು. ಹೊಲದ ಬದುವಿನಲ್ಲಿ ದಿನಕ್ಕೆರಡು ಬಾರಿ ಬಿಟ್ಟು ಓಡಿಸುವ ಅನುಕೂಲವಿದ್ದವರಿಗೆ ಇದರಂಥ ನಾಯಿಯಿಲ್ಲ. ಸದಾ ಸರಪಳಿಯಲ್ಲಿ ಬಿಗಿದರೆ ಮಂಕಾಗುವುದು, ಇಲ್ಲವೆ ಸಿಡುಕುವುದು. ಇನ್ನೊಂದು ಮಾತು: ಮುಧೋಳ ನಾಯಿಗೆ ಮಾನ ಹೆಚ್ಚು. ಕಂಡಕಂಡವರು ಮೈ ಸವರಿದರೆ ಸೇರದು. ಹೊಡೆದು ಕಲಿಸಹೋದರೆ ಕಲಿಯುವುದು ಅಂಜಿಕೆಯೊಂದನ್ನೇ. ಮನೆಯವರ ಮೇಲೆ ಅಪಾರ ನಂಬಿಕೆಯಿಟ್ಟರೂ ಅದನ್ನು ಬಾಲ ಕುಣಿಸಿ ತೋರಿಸಿಕೊಳ್ಳುವ ಜಾಯಮಾನ ಅದರದಲ್ಲ. ಜೋಳದ ರೊಟ್ಟಿ, ಹಾಲು, ಮೊಟ್ಟೆಗಳಲ್ಲಿ ಬೆಳೆದ ತಳಿಯಾದುದರಿಂದ ಊಟದ ವಿಷಯದಲ್ಲಿ ತೊಂದರೆ ಕೊಡದು. ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮೊದಲು ಇಂಥ ತಳಿಯೆಂದು ಪಶುವೈದ್ಯರಿಗೆ ತಿಳಿಸುವುದು ಮೇಲು. ಬೇಟೆಯ ಆಸೆಯಿಂದ ಇದನ್ನು ಸಾಕುವವರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನಪು ಮಾಡಿಕೊಡುವುದು ನಮ್ಮ ಕರ್ತವ್ಯ.

ಹೊಸೂರು, ತಾಳವಾಡಿಗಳ ನಮ್ಮವರಿಗೆ ತಮಿಳು ಸೀಮೆಯ ತಳಿಗಳು ಪರಿಚಿತವೇ. ಚಿಪ್ಪಿಪಾರೈ, ಕನ್ನಿ ಇವು ಮುಧೋಳದಂತೆಯೇ ಓಟದ ನಾಯಿಗಳು, ಮೇಲೆ ಹೇಳಿದುದೇ ಅವುಗಳಿಗೂ ಸಲ್ಲುತ್ತದೆ. ಕಪ್ಪು ಮೂತಿಯ ಕೊಂಬೈ ಬಲವಾದ ಕಾವಲುನಾಯಿ, ಅದನ್ನು ಅಂಕೆಯಲ್ಲಿಡಬಲ್ಲವರು ಮಾತ್ರ ಸಾಕಲಿ. ಹಾಲಿನಂತೆ ಬೆಳ್ಳಗಿನ ಮೈ, ನಸುಗೆಂಪು ಮೂಗಿನ ರಾಜಪಾಳಯಂ ನೋಡಲು ಬಲು ಚೆಂದ. ಆದರೆ ಆ ಬಿಳುಪಿನೊಡನೆ ಕಿವುಡೂ ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಬರುತ್ತದೆ. ಕೊಳ್ಳುವಾಗ ಮರಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಒಡಹುಟ್ಟಿದ ಮರಿಗಳಿಂದ ದೂರಮಾಡಿ ಒಂಟಿಯಾಗಿರಿಸಿಕೊಂಡೇ ಈ ಪರೀಕ್ಷೆ ಮಾಡಬೇಕು, ಇಲ್ಲವಾದರೆ ಮಿಕ್ಕವು ತಿರುಗಿದುದನ್ನು ಕಂಡು ಕಿವುಡುಮರಿಯೂ ತಿರುಗೀತು.

ವಿದೇಶೀ ತಳಿಗಳಲ್ಲಿ ನಮ್ಮ ಹಿರಿಯರು ಆಲ್ಸೇಷನ್ ಎಂದು ಕರೆಯುತ್ತಿದ್ದುದು ಜರ್ಮನ್ ಷೆಫರ್ಡ್ ನಾಯಿಯನ್ನೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಹೆಸರು ಬೇಡವಾಗಿ ಆಂಗ್ಲರು ಹಾಗೆ ಕರೆದರು. ಅಲ್ಲಿನ ಕೆನೆಲ್ ಕ್ಲಬ್ಬು 1977ರಲ್ಲಿ ಹಳೆಯ ಹೆಸರಿಗೆ ಮರಳಿತು. 1899ರಿಂದ ಕುರಿ ಕಾಯುವ ನಾಯಿಗಳನ್ನೇ ಆರಿಸಿ ರೂಪಿಸಿದ ತಳಿಯಿದು. ಮನೆಯ ಮಕ್ಕಳು ಅಂಗಳದಲ್ಲಿ ಚೆದರಿ ಓಡಿದರೆ ಸುತ್ತುಹಾಕಿ ಒಂದೆಡೆ ಸೇರಿಸಲು ನೋಡುವುದು ಆ ಕುರಿ ಕಾಯುವ ಗುಣವೇ. ಬುದ್ಧಿ ಚುರುಕು, ಸುಮ್ಮನೆ ಕುಳಿತಿರಲಾರದು. ಸೊಂಟದ ಕೀಲಿನ ದೋಷ ವಂಶದಲ್ಲಿ ಬರುವುದರಿಂದ ಮರಿಯ ತಾಯಿತಂದೆಗಳ ನಡಿಗೆಯನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಡಾಬರ್‌ಮನ್ ತಳಿಯನ್ನು ರೂಪಿಸಿದಾತ ಜರ್ಮನಿಯಲ್ಲಿ ತೆರಿಗೆ ವಸೂಲಿಯ ಕೆಲಸದವನೆಂದ ಮೇಲೆ ಅದರ ಸ್ವಭಾವದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ!

ಮಕ್ಕಳಿರುವ ಮನೆಗೆ ಲ್ಯಾಬ್ರಡಾರ್ ಒಳ್ಳೆಯದೆಂಬ ಮಾತು ನಿಜ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರೊಡನೆ ನೀರಿಗಿಳಿದು ದುಡಿದ ನಾಯಿಗಳ ಸಂತತಿಯಾದುದರಿಂದ ತಾಳ್ಮೆಯೂ, ವಸ್ತುಗಳನ್ನು ಹಲ್ಲು ತಾಗದಂತೆ ಕಚ್ಚಿ ತರುವ ಮೆದುಬಾಯಿಯೂ ಅದಕ್ಕಿದೆ. ಹಸಿವು ಮಾತ್ರ ತೀರುವುದೇ ಇಲ್ಲ. ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರಿಗೆ ತೃಪ್ತಿಯ ಸೂಚನೆ ಕೊಡುವ ಜೀನಿನಲ್ಲೇ ಲೋಪವಿರುವುದೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಕೊಂಡರು. ಆದುದರಿಂದ ಅದರ ಕಣ್ಣನ್ನು ನೋಡಿ ಬಡಿಸದೆ ತಟ್ಟೆಯನ್ನು ಅಳೆದು ಬಡಿಸಬೇಕು. ಅಜ್ಜಿಯೊಂದು, ಮೊಮ್ಮಗನೊಂದು ರೊಟ್ಟಿ ಹಾಕುವ ಮನೆಗಳಲ್ಲಿ ಲ್ಯಾಬ್ರಡಾರು ಮೂರು ವರ್ಷದಲ್ಲಿ ಮಂಚದಂತಾಗುತ್ತದೆ. ಜೋಲುಗಿವಿಯ ಒಳಗೆ ಮಳೆಗಾಲದಲ್ಲಿ ಕೀವಾಗುವುದುಂಟು. ಕಾಸರಗೋಡು, ವಯನಾಡುಗಳವರು ವಾರಕ್ಕೊಮ್ಮೆ ಕಿವಿ ಎತ್ತಿ ನೋಡತಕ್ಕದ್ದು. ಕಾಸರಗೋಡಿನವರೇ ಆದ ಕಿರಣ್‌ರಾಜ್ ನಿರ್ದೇಶಿಸಿದ '777 ಚಾರ್ಲಿ' ಚಿತ್ರ 2022ರಲ್ಲಿ ಬಂದಾಗ ಲ್ಯಾಬ್ರಡಾರ್ ಮೇಲಿನ ಪ್ರೀತಿ ಎಲ್ಲೆಡೆ ಉಕ್ಕಿತು. ಲಾಭಕ್ಕಾಗಿ ನಾಯಿಗಳನ್ನು ಗೂಡಿನಲ್ಲಿಟ್ಟು ಮರಿ ಹಾಕಿಸುವವರ ಕ್ರೌರ್ಯವನ್ನೂ ಆ ಚಿತ್ರ ತೋರಿಸಿತ್ತು. ಅಷ್ಟು ಭಾಗವನ್ನು ನೋಡುಗರು ಬೇಗ ಮರೆತರೆಂದು ನಮಗೆ ತೋರುತ್ತದೆ. ತಾಯಿಯನ್ನು ತೋರಿಸಲೊಪ್ಪದವರಿಂದ ಮರಿ ಕೊಳ್ಳಲೇಬಾರದು. ಎಂಟು ವಾರ ತುಂಬದ ಮರಿಯನ್ನಂತೂ ತರಲೇಬಾರದು.

ಇದಕ್ಕಿಂತ ದೊಡ್ಡ ಅನ್ಯಾಯ ಪಗ್ ನಾಯಿಗೆ ಆಗಿದೆ. 2003ರಲ್ಲಿ ಮೊಬೈಲು ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆದುಬಂದ ಪಗ್ ಎಲ್ಲರ ಮನಸ್ಸನ್ನೂ ಗೆದ್ದಿತು. ಅಲ್ಲಿಂದಾಚೆಗೆ ಊರೂರಿಗೂ ಪಗ್ ಬಂದಿತು. ಚೀನಾದ ಅರಮನೆಗಳಲ್ಲಿ ಮುದ್ದಿಗೆಂದು ಬೆಳೆದ ತಳಿಯಿದು, ಸೌಮ್ಯ ಸ್ವಭಾವದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮುಖ ಚಪ್ಪಟೆಯಾಗುತ್ತ ಬಂದಂತೆ ಉಸಿರಿನ ದಾರಿಯೂ ಕಿರಿದಾಯಿತು. ಮನೆಯವರು ಮುದ್ದಾದ ಗೊರಕೆಯೆಂದು ನಗುವುದು ಬಹಳ ಸಲ ಉಸಿರಾಟದ ಕಷ್ಟವೇ ಆಗಿರುತ್ತದೆ. ಏದುಸಿರಿನಿಂದ ಮೈ ತಂಪಾಗಿಸಿಕೊಳ್ಳಬೇಕಾದ ಪ್ರಾಣಿಗೆ ಉಸಿರೇ ಸಾಲದಿದ್ದರೆ ಬೇಸಗೆಯಲ್ಲಿ ಗತಿಯೇನು? ಆದವಾನಿ, ರಾಯದುರ್ಗಗಳಂಥ ಬಿಸಿಲು ಸೀಮೆಗೆ ಪಗ್ ತರುವುದು ತಕ್ಕುದಲ್ಲ. ಈಗಾಗಲೇ ತಂದಿರುವವರು ಬಿಸಿಲೇರುವ ಮೊದಲು, ಇಳಿದ ನಂತರ ಮಾತ್ರ ಹೊರಗೆ ಕರೆದೊಯ್ಯಲಿ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡದಿರಲಿ. ನಾಲಗೆ ನೀಲಿಗಟ್ಟಿದರೆ, ನಡಿಗೆ ತೂರಾಡಿದರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕುತ್ತ ವೈದ್ಯರಲ್ಲಿಗೆ ಓಡಬೇಕು.

ಬಿಳಿಯ ಪೊಮರೇನಿಯನ್ ಎಂದು ನಾವು ಕರೆಯುವುದು ಬಹುಮಟ್ಟಿಗೆ ಇಲ್ಲಿಯೇ ಬೆಳೆದುಬಂದ ಸ್ಪಿಟ್ಜ್ ನಾಯಿ. ಚಿಕ್ಕ ಮನೆಗೆ ತಕ್ಕದ್ದು, ಗಂಟೆಯಂತೆ ಬೊಗಳುವುದು, ಪುಟ್ಟ ಮಕ್ಕಳು ಕೂದಲೆಳೆದರೆ ಕಚ್ಚುವುದು. ಸೆಕೆಯೆಂದು ಅದರ ಕೂದಲನ್ನು ಬೋಳಿಸಬೇಡಿ; ದಿನವೂ ಬಾಚಿದರೆ ಸಾಕು. ಉದ್ದಬೆನ್ನಿನ ಡ್ಯಾಕ್ಸ್‌ಹಂಡನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸುವುದರಿಂದ ಬೆನ್ನುಮೂಳೆಗೆ ಕೇಡು.

ಇಷ್ಟೆಲ್ಲ ಹೇಳಿದ ಮೇಲೆ, ತಳಿಯ ಹೆಸರಿಲ್ಲದ ನಮ್ಮ ಬೀದಿಯ ನಾಯಿಯ ಮಾತು ಬಾರದಿದ್ದರೆ ಹೇಗೆ? ಅದನ್ನು ಯಾರೂ ಒಂದು ಕೆಲಸಕ್ಕಾಗಿ ತಿದ್ದಿದವರಿಲ್ಲ. ನಮ್ಮ ಬಿಸಿಲು ಮಳೆಗಳೇ ತಿದ್ದಿವೆ. ಗಿಡ್ಡ ಕೂದಲು, ಹದವಾದ ಮೈ, ಉಂಡದ್ದನ್ನು ಅರಗಿಸುವ ಹೊಟ್ಟೆ, ಅಪರಿಚಿತರನ್ನು ಗುರುತಿಸುವ ಎಚ್ಚರ, ಇವೆಲ್ಲ ಅದಕ್ಕೆ ಬಿಟ್ಟಿಯಾಗಿ ಬಂದಿವೆ. ಮನೆ ಕಾಯಲು ನಾಯಿ ಬೇಕು ಎಂದಷ್ಟೇ ಕೇಳುವ ಓದುಗರಿಗೆ ನಾವು ಹತ್ತರಲ್ಲಿ ಎಂಟು ಸಲ ಇದನ್ನೇ ಸೂಚಿಸುತ್ತೇವೆ. ಬಹಳ ಜನರಿಗೆ ಈ ಉತ್ತರ ರುಚಿಸುವುದಿಲ್ಲವೆಂಬುದೂ ನಮಗೆ ಗೊತ್ತಿದೆ.

ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತುಹನ್ನೆರಡು ವರ್ಷ. ಮರಿಯನ್ನು ತಂದ ಹುಡುಗ ಕಾಲೇಜಿಗೆಂದು ಬೇರೂರಿಗೆ ಹೋದ ಮೇಲೂ ಅದು ಮನೆಯಲ್ಲಿರುತ್ತದೆ. ಅದರ ಮುಪ್ಪನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ತಾಯಂದಿರು. ಆದುದರಿಂದ ಅವರ ಒಪ್ಪಿಗೆಯೇ ಮುಖ್ಯ. ಆಹಾರದಲ್ಲಿ ಈರುಳ್ಳಿ, ದ್ರಾಕ್ಷಿ, ಚಾಕಲೇಟು ಸಲ್ಲವು. ಬೇಯಿಸಿದ ಮೂಳೆ ಚೂರಾಗಿ ಕರುಳನ್ನು ಸೀಳೀತು. ಮಲೆನಾಡಿನ ಕಡೆಯಲ್ಲಿ ಉಣ್ಣೆಗಳ ಕಾಟ ಹೆಚ್ಚು, ಅವುಗಳಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಕಿವಿಯ ಒಳಗೂ ಬೆರಳ ಸಂದುಗಳಲ್ಲೂ ದಿನವೂ ಹುಡುಕಬೇಕು. ನೀಲಗಿರಿ, ತಾಳವಾಡಿಗಳ ಕಾಡಂಚಿನ ಮನೆಗಳವರು ರಾತ್ರಿ ನಾಯಿಯನ್ನು ಹೊರಗೆ ಕಟ್ಟಿಹಾಕಬಾರದು. ಚಿರತೆ ಬಂದರೆ ಕಟ್ಟಿದ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ.

ಕೊನೆಯದಾಗಿ, ಯಾವ ಕಾರಣಕ್ಕೂ ತಪ್ಪಿಸಬಾರದ ಸಂಗತಿ ಹುಚ್ಚುನಾಯಿ ರೋಗದ ಲಸಿಕೆ. ಈ ರೋಗಕ್ಕೆ ಮದ್ದು ಮಾಡುವ ಕೆಲಸ ನಮ್ಮ ನೀಲಗಿರಿಯ ಕೂನೂರಿನಲ್ಲೇ, ಅಲ್ಲಿನ ಪಾಸ್ಚರ್ ಸಂಸ್ಥೆಯಲ್ಲಿ, 1907ರಲ್ಲಿಯೇ ಮೊದಲಾಯಿತು. ಆದರೂ ರೋಗ ತಲೆದೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಮರಿಗೆ ಆರೆಂಟು ವಾರವಾದಾಗ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಮೊದಲಾಗಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವೈದ್ಯರು ಹೇಳಿದಾಗ ಮತ್ತೊಮ್ಮೆ, ಅನಂತರ ವರ್ಷಕ್ಕೊಮ್ಮೆ. ಸಾಕಿದ ನಾಯಿಯೇ ಆಗಲಿ, ಎರಡು ತಿಂಗಳ ಮರಿಯೇ ಆಗಲಿ, ಹಲ್ಲು ತಾಗಿ ಚರ್ಮ ತರಚಿದರೆ ಉದಾಸೀನ ಸಲ್ಲದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರಾ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಏನನ್ನೂ ಮೆತ್ತಬೇಡಿ, ಬಟ್ಟೆ ಬಿಗಿಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ದಿನವೂ ಬಿಡದೆ ಸೂಜಿ ಹಾಕಿಸಿಕೊಳ್ಳಿ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಹಳೆಯ ಪದ್ಧತಿ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿಗೆ ಕೊಡುವ ಕೆಲವೇ ಸೂಜಿಗಳು. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ ಸುದ್ದಿಯನ್ನು ಮುಚ್ಚಿಡುವುದುಂಟು. ನಾಯಿ ತರುವ ದಿನವೇ ಅವರನ್ನು ಹತ್ತಿರ ಕೂರಿಸಿಕೊಂಡು, ಕಚ್ಚಿದರೆ ಬಂದು ಹೇಳು, ಬೈಯುವುದಿಲ್ಲವೆಂದು ತಿಳಿಸಿಡಿ.