ಚಲನಚಿತ್ರದ ನಮೂದು: ಪಾಠನಿರ್ಣಯದ ಮತ್ತೊಂದು ಕ್ಷೇತ್ರ

ಕನ್ನಡದಲ್ಲಿ ವಿಶ್ವಕೋಶ ಸ್ವರೂಪದ ಬರವಣಿಗೆಗೆ ದೀರ್ಘವಾದ ಪರಂಪರೆಯಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಿಂದ ಶಿವರಾಮ ಕಾರಂತರ 'ಬಾಲ ಪ್ರಪಂಚ'ದವರೆಗೆ, ನಿರಂಜನರ 'ಜ್ಞಾನ ಗಂಗೋತ್ರಿ'ಯಿಂದ ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದವರೆಗೆ ಬಂದ ಕೃತಿಗಳೆಲ್ಲಕ್ಕೂ ಒಂದು ಸಮಾನ ಲಕ್ಷಣವುಂಟು: ಬರೆದವರು ಯಾರು, ಸಂಪಾದಿಸಿದವರು ಯಾರು ಎಂಬುದು ಓದುಗನಿಗೆ ತಿಳಿದಿರುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಈ ಲಕ್ಷಣವನ್ನೇ ಕೈಬಿಟ್ಟಿತು. ಅಲ್ಲಿ ನೇಮಕಗೊಂಡ ಸಂಪಾದಕನಿಲ್ಲ, ಬಂದವರೆಲ್ಲರೂ ಸಂಪಾದಕರೇ. ವಿದ್ವತ್ ವಲಯ ಇದನ್ನು ಒಂದೋ ಉಪೇಕ್ಷೆಯಿಂದ ಕಂಡಿದೆ, ಇಲ್ಲವೇ ಹೆಸರು ಹೇಳದೆ ಬಳಸಿಕೊಂಡಿದೆ. ಎರಡೂ ನಿಲುವುಗಳು ಅಲ್ಲಿ ಒಂದು ನಮೂದು ಸಿದ್ಧವಾಗುವ ಬಗೆಯನ್ನು ಪರಿಶೀಲಿಸುವ ಗೋಜಿಗೆ ಹೋಗುವುದಿಲ್ಲ. ಚಲನಚಿತ್ರಗಳ ಕುರಿತ ನಮೂದುಗಳು ಈ ಪರಿಶೀಲನೆಗೆ ಬಹಳ ಅನುಕೂಲವಾದ ಸಾಮಗ್ರಿ.

ಚಲನಚಿತ್ರದ ನಮೂದು ಸಾಮಾನ್ಯವಾಗಿ ಅಭಿಮಾನದಿಂದ ಹುಟ್ಟುತ್ತದೆ. ತಾರಾಗಣ, ಹಾಡುಗಳ ಪಟ್ಟಿ, ನಾಲ್ಕು ಸಾಲಿನ ಕಥೆ, ಒಂದೆರಡು ಹೊಗಳಿಕೆಯ ಮಾತು - ಇಷ್ಟು ಮೊದಲ ಬರಹ. ಅನಂತರ ಬರುವ ಸ್ವಯಂಸೇವಕರದು ಬೇರೆ ಬಗೆಯ ಕೆಲಸ. ಅವರು ಹೊಗಳಿಕೆಯನ್ನು ತೆಗೆಯುತ್ತಾರೆ; ಆಧಾರವಿಲ್ಲದ ವಾಕ್ಯದ ಪಕ್ಕದಲ್ಲಿ 'ಸೂಕ್ತ ಉಲ್ಲೇಖನ ಬೇಕು' ಎಂಬ ಗುರುತು ಹಾಕುತ್ತಾರೆ; ಭಿನ್ನಾಭಿಪ್ರಾಯ ಬಂದಾಗ ಚರ್ಚೆಯ ಪುಟದಲ್ಲಿ ವಾದಿಸುತ್ತಾರೆ. ಪ್ರತಿಯೊಂದು ತಿದ್ದುಪಡಿಯೂ ದಿನಾಂಕ, ವೇಳೆಗಳೊಡನೆ ಇತಿಹಾಸದಲ್ಲಿ ಉಳಿಯುವುದರಿಂದ ಹಿಂದಿನ ಪಾಠವನ್ನು ಯಾರು ಬೇಕಾದರೂ ಮರಳಿ ತರಬಹುದು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಇದು ಅಪರಿಚಿತ ಲೋಕವೇನಲ್ಲ. ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಉಳಿಸುವ ಕ್ರಮವೇ ಇಲ್ಲಿ ಮತ್ತೊಂದು ರೂಪದಲ್ಲಿದೆ. ಮುಖ್ಯ ವ್ಯತ್ಯಾಸವೊಂದುಂಟು: ಗ್ರಂಥಸಂಪಾದಕ ಅರಸುವುದು ಕವಿಯ ಮೂಲಪಾಠವನ್ನು. ನಮೂದಿಗೆ ಅಂಥ ಮೂಲವಿಲ್ಲ. ಪ್ರಕಟವಾದ ಸಾಕ್ಷ್ಯವೇ ಅದರ ಕೊನೆಯ ಆಸರೆ.

ಈ ಮಾತನ್ನು 'ಸಂಸ್ಕಾರ' ಚಿತ್ರದ ನಿದರ್ಶನದಿಂದ ವಿಶದಪಡಿಸಬಹುದು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದುದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರದು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶರು ನಾರಣಪ್ಪನಾಗಿ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿ ಅಭಿನಯಿಸಿದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು, ಸಂಗೀತ ರಾಜೀವ ತಾರಾನಾಥರದು. ಇಷ್ಟು ಸಂಗತಿಗಳಿಗೆ ಚಿತ್ರದ ಶೀರ್ಷಿಕೆಗಳೇ ಸಾಕ್ಷಿ. ತೊಡಕು ಹುಟ್ಟುವುದು ಕಥಾಸಾರದಲ್ಲಿ. ಕಾದಂಬರಿಯನ್ನು ಬಲ್ಲವನು ಚಿತ್ರದ ಕಥಾಸಾರ ಬರೆಯಲು ಹೊರಟಾಗ ತನಗೆ ಅರಿವಿಲ್ಲದೆಯೇ ಕಾದಂಬರಿಯ ಸಾರವನ್ನು ಬರೆದುಬಿಡುವ ಸಂಭವ ಹೆಚ್ಚು. ಪ್ರಾಣೇಶಾಚಾರ್ಯರ ಅಂತರಂಗದ ವಾಗ್ವಾದವನ್ನು ಕಾದಂಬರಿ ಗದ್ಯದಲ್ಲಿ ವಿಸ್ತರಿಸುತ್ತದೆ. ಚಿತ್ರ ಅದನ್ನು ಮುಖಭಾವಕ್ಕೆ, ಮೌನಕ್ಕೆ ಒಪ್ಪಿಸಬೇಕಾಗುತ್ತದೆ. ಆಚಾರ್ಯರು ಏನನ್ನು ಯೋಚಿಸಿದರು ಎಂದು ಬರೆದ ವಾಕ್ಯ ಕಾದಂಬರಿಗೆ ಸಲ್ಲಬಹುದು, ಚಿತ್ರದ ನಮೂದಿನಲ್ಲಿ ಅದು ಪ್ರಕ್ಷಿಪ್ತವೇ ಸರಿ. ಇಂಥ ಪ್ರಕ್ಷಿಪ್ತವನ್ನು ಗುರುತಿಸಲು ಎರಡೂ ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ತಾಳ್ಮೆ ಬೇಕು. ಕನ್ನಡ ಅಧ್ಯಾಪಕರಿಗೆ ಆ ತರಬೇತಿಯಿದೆ. ಆದರೆ ಕಾದಂಬರಿಯ ಪರಿಚಯ ಅತಿಯಾಗಿರುವುದೂ ಅವರಿಗೇ.

ಪ್ರಶಸ್ತಿಯ ವಾಕ್ಯವೂ ಇಷ್ಟೇ ಸೂಕ್ಷ್ಮವಾದುದು. 'ಸಂಸ್ಕಾರ' ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಕಥಾಚಿತ್ರವೆಂಬ ಗೌರವ ಪಡೆದ ಮೊದಲ ಕನ್ನಡ ಚಿತ್ರ. ಅದಕ್ಕೆ 'ಸ್ವರ್ಣಕಮಲ' ಬಂದಿತೆಂದು ಬರೆಯುವುದು ವಾಡಿಕೆ. ಆದರೆ ಆಗ ನೀಡುತ್ತಿದ್ದುದು ರಾಷ್ಟ್ರಪತಿಗಳ ಸ್ವರ್ಣಪದಕ. ಸ್ವರ್ಣಕಮಲವೆಂಬ ಹೆಸರು ಬಳಕೆಗೆ ಬಂದುದು ಅನಂತರ. ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಸಂಗತಿಯನ್ನಂತೂ 'ನಿಷೇಧ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವವರು ಬಹಳ. ಪ್ರಮಾಣಪತ್ರವನ್ನು ನಿರಾಕರಿಸುವುದು ಒಂದು ಕ್ರಮ, ಪ್ರದರ್ಶಿತವಾಗುತ್ತಿರುವ ಚಿತ್ರವನ್ನು ನಿಲ್ಲಿಸುವುದು ಇನ್ನೊಂದು. ಯಾರು, ಯಾವ ಕಾರಣ ನೀಡಿ, ಎಷ್ಟು ಕಾಲ ತಡೆದರು, ಅನುಮತಿ ಹೇಗೆ ದೊರೆಯಿತು ಎಂಬ ಒಂದೊಂದು ಅಂಶಕ್ಕೂ ಪ್ರತ್ಯೇಕ ಆಧಾರ ಬೇಕು. ಜಾತಿವ್ಯವಸ್ಥೆಯ ವಿಮರ್ಶೆಯೇ ವಸ್ತುವಾಗಿರುವ ಚಿತ್ರದ ವಿಷಯದಲ್ಲಿ ಈ ವಾಕ್ಯ ಸಡಿಲವಾದರೆ ಅದರ ಸಾಮಾಜಿಕ ಚರಿತ್ರೆಯೇ ಸಡಿಲವಾಗುತ್ತದೆ.

'ಸಂಸ್ಕಾರ'ದ ಪ್ರತಿಯಾದರೂ ನೋಡಲು ದೊರೆಯುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ'ದ ಸ್ಥಿತಿ ಬೇರೆ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದ ಈ ಮೊದಲ ಕನ್ನಡ ವಾಕ್ಚಿತ್ರದ ಪ್ರತಿ ಉಳಿದಿಲ್ಲ. ತೆರೆಕಂಡುದರಲ್ಲಿ ಮೊದಲನೆಯದು, ಚಿತ್ರೀಕರಣ ಆರಂಭವಾದುದರಲ್ಲಿ ಮೊದಲನೆಯದು ಎಂಬ ವಿಂಗಡಣೆ ಮಾಡಿದೊಡನೆ 'ಭಕ್ತ ಧ್ರುವ'ದ ಪ್ರಶ್ನೆ ಏಳುತ್ತದೆ. ಇಲ್ಲಿ ಸ್ವಯಂಸೇವಕ ಸಂಪಾದಕನಿಗೆ ಉಳಿಯುವುದು ಜಾಹೀರಾತು, ಹಾಡಿನ ಪುಸ್ತಕ, ಕಲಾವಿದರ ನೆನಪುಗಳು ಮಾತ್ರ. ಮೂಲಪ್ರತಿ ಕಳೆದುಹೋಗಿ ಉದ್ಧೃತಿಗಳಲ್ಲಷ್ಟೇ ಉಳಿದ ಹಳಗನ್ನಡ ಕಾವ್ಯಗಳ ವಿಷಯದಲ್ಲಿ ಕನ್ನಡ ವಿದ್ವಾಂಸರು ಎದುರಿಸಿದ ಸಮಸ್ಯೆಯೇ ಇದು.

ಸ್ವಂತ ಸಂಶೋಧನೆಗೆ ವಿಕಿಪೀಡಿಯದಲ್ಲಿ ಅವಕಾಶವಿಲ್ಲ. ಹಳೆಯ ಹಾಡಿನ ಪುಸ್ತಕವೊಂದನ್ನು ಶೋಧಿಸಿದವನು ತನ್ನ ತೀರ್ಮಾನವನ್ನು ಮೊದಲು ಬೇರೆಡೆ ಪ್ರಕಟಿಸಬೇಕು. ನಮೂದು ಅದನ್ನು ಉಲ್ಲೇಖಿಸಬೇಕು. ಈ ನಿಯಮವನ್ನು ವಿದ್ವಾಂಸರು ಅವಮಾನವೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಹೊಣೆಯನ್ನು ಸಂಶೋಧನ ಪತ್ರಿಕೆಗಳ ಮೇಲೆಯೇ ಹೊರಿಸುತ್ತದೆ. ಆ ಹೊಣೆಯನ್ನು ಕನ್ನಡ ವಿಭಾಗಗಳು ಸಾಕಷ್ಟು ಹೊತ್ತಿಲ್ಲ. 'ವಂಶವೃಕ್ಷ', 'ಕಾಡು', 'ಘಟಶ್ರಾದ್ಧ' ಮುಂತಾದ ಚಿತ್ರಗಳು ಪಠ್ಯದ ಅಂಚಿಗೆ ಬಂದುದು ಸಾಹಿತ್ಯಕೃತಿಗಳ ನೆರಳಾಗಿ. ಜನಪ್ರಿಯ ಚಿತ್ರಗಳ ಬಿಡುಗಡೆ, ಪ್ರದರ್ಶನ, ಸೆನ್ಸಾರ್ ದಾಖಲೆಗಳ ಬಗೆಗೆ ವಿದ್ವತ್ ಬರಹ ವಿರಳ. ಪರಿಣಾಮವಾಗಿ ಸ್ವಯಂಸೇವಕರು ಪತ್ರಿಕೆಗಳ ಸ್ಮರಣ ಲೇಖನಗಳನ್ನು ಅವಲಂಬಿಸುತ್ತಾರೆ. ಅಂಥ ಲೇಖನ ಬರೆಯುವವರು ನಮೂದನ್ನು ನೋಡಿ ಬರೆದಿದ್ದರೆ, ನಮೂದು ತನ್ನ ತಪ್ಪಿಗೆ ತನ್ನನ್ನೇ ಸಾಕ್ಷಿಯಾಗಿ ಕರೆದಂತಾಗುತ್ತದೆ.

ಹೆಸರಿಲ್ಲದವರ ಬರಹವನ್ನು ನಂಬುವುದೆಂತು, ನಾಳೆ ಬದಲಾಗಬಹುದಾದ ಪಾಠವನ್ನು ಉಲ್ಲೇಖಿಸುವುದೆಂತು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಉಲ್ಲೇಖಿಸಬೇಕಾದುದು ನಮೂದನ್ನಲ್ಲ, ಅದು ತೋರಿಸುವ ಆಧಾರವನ್ನು. ನಮೂದೇ ಚರ್ಚೆಯ ವಿಷಯವಾದಾಗ ನಿರ್ದಿಷ್ಟ ದಿನದ ಆವೃತ್ತಿಯನ್ನು ಸೂಚಿಸಿದರಾಯಿತು. ಇದಕ್ಕಿಂತ ಕಳವಳಕಾರಿಯಾದುದು ಅಂಕಗಳ ಆಸೆ ತೋರಿಸಿ ಇಡೀ ತರಗತಿಯಿಂದ ನಮೂದುಗಳನ್ನು ಬರೆಸುವ ಉತ್ಸಾಹ. ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದ ವಾಕ್ಯಗಳು ಗುಂಪಾಗಿ ಬಂದಾಗ ಅವನ್ನು ತಿದ್ದುವ ಹೊರೆ ಬೀಳುವುದು ಅದೇ ಕೆಲವರು ಸ್ವಯಂಸೇವಕರ ಮೇಲೆ. ಅದರ ಬದಲು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಒಂದು ಅವಧಿಯಲ್ಲಿ ಒಂದೇ ಚಿತ್ರವನ್ನು ಎತ್ತಿಕೊಂಡು ಆ ಕಾಲದ ಪತ್ರಿಕೆಗಳ ಜಾಹೀರಾತು, ವಿಮರ್ಶೆ, ಹಾಡಿನ ಪುಸ್ತಕಗಳನ್ನು ಹುಡುಕಿ, ಪಾಠಾಂತರಗಳೊಡನೆ ನಾಲ್ಕು ಪುಟದ ಟಿಪ್ಪಣಿಯನ್ನು ವಿಭಾಗದ ಪತ್ರಿಕೆಯಲ್ಲಿ ಪ್ರಕಟಿಸಿದರೆ, ಉಲ್ಲೇಖನಕ್ಕಾಗಿ ಕಾದಿರುವ ವಾಕ್ಯಗಳಲ್ಲಿ ಕೆಲವಾದರೂ ನೆಲೆ ಕಾಣುತ್ತವೆ, ಇನ್ನು ಕೆಲವು ಅಳಿಸಿಹೋಗುತ್ತವೆ.