ಕೆರೆ ಬತ್ತಿದಾಗ ಆಮೆ ಎಲ್ಲಿಗೆ ಹೋಗುತ್ತದೆ?

ಏಪ್ರಿಲ್ ತಿಂಗಳ ಸುಡುಬಿಸಿಲು. ಜಂಗಮಕೋಟೆ ಸುತ್ತಿನ ಒಂದು ಕೆರೆ ಬತ್ತಿ, ಅಂಗಳವೆಲ್ಲ ಬಿರುಕು ಬಿಟ್ಟಿದೆ ಎಂದುಕೊಳ್ಳಿ. ಹೂಳೆತ್ತುವ ಜೇಸಿಬಿ ಒಂದು ಬಕೆಟ್ ಮಣ್ಣನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ಹೆಂಟೆಗಳ ನಡುವೆ ರೊಟ್ಟಿಯಗಲದ ಒಂದು ಹೆಂಟೆ ಮೆಲ್ಲಗೆ ಕಾಲು ಚಾಚುತ್ತದೆ! ನೀರಿನ ಜೊತೆಗೇ ಕೆರೆಯ ಜೀವಗಳೂ ಹೋದವು ಎಂದುಕೊಂಡವರಿಗೆ ಅಚ್ಚರಿ. ಅದು ಕೆರೆಯಾಮೆ. ವೈಜ್ಞಾನಿಕ ಹೆಸರು ಲಿಸ್ಸೆಮಿಸ್ ಪಂಕ್ಟಾಟಾ.

ಕುರುಚಲು ಕಾಡಿನ ನಕ್ಷತ್ರ ಆಮೆಗೂ ಇದಕ್ಕೂ ವ್ಯತ್ಯಾಸವಿದೆ. ನಕ್ಷತ್ರ ಆಮೆಯದು ಗಟ್ಟಿ ಚಿಪ್ಪು. ಇದರ ಚಿಪ್ಪಿನ ಮೇಲೆ ಮೆತ್ತನೆಯ ಚರ್ಮದ ಹೊದಿಕೆ. ಹೊಟ್ಟೆಯ ಕಡೆ ಹಿಂಗಾಲುಗಳ ಬಳಿ ಎರಡು ಚರ್ಮದ ಮುಚ್ಚಳಗಳಿವೆ. ಅಪಾಯ ಕಂಡರೆ ಕಾಲನ್ನು ಒಳಗೆಳೆದು ಮುಚ್ಚಳ ಹಾಕಿಕೊಳ್ಳುತ್ತದೆ.

ಇದರ ವರ್ಷ ನಮ್ಮ ಮಳೆ ನಕ್ಷತ್ರಗಳ ಜೊತೆಗೇ ಸಾಗುತ್ತದೆ. ಹಸ್ತ, ಚಿತ್ತೆ ಮಳೆಗೆ ಕೆರೆ ತುಂಬಿದರೆ ಆಮೆಗೆ ಸುಗ್ಗಿ. ಕಪ್ಪೆ, ಮೀನು, ಬಸವನಹುಳು, ನೀರಗಿಡ ಎಲ್ಲವೂ ಆಹಾರವೇ. ಸತ್ತ ಮೀನನ್ನೂ ಬಿಡುವುದಿಲ್ಲ. ಹೀಗಾಗಿ ಇದು ಕೆರೆಯ ಜಾಡಮಾಲಿಯೂ ಹೌದು. ಹೆಣ್ಣು ನೀರಿನಿಂದ ಹೊರಬಂದು, ದಡದ ಮೆತ್ತನೆಯ ಮಣ್ಣಿನಲ್ಲಿ ಗುಂಡನೆಯ ಮೊಟ್ಟೆಗಳನ್ನಿಟ್ಟು ಮುಚ್ಚಿಹೋಗುತ್ತದೆ. ಮರಿಗಳು ಹೊರಬರಲು ತಿಂಗಳುಗಳೇ ಬೇಕು.

ಸಂಕ್ರಾಂತಿ ಕಳೆದು ಶಿವರಾತ್ರಿಯ ಹೊತ್ತಿಗೆ ನೀರು ಇಳಿಯುತ್ತದೆ. ಆಗ ಆಮೆಯ ಮುಂದೆ ಎರಡು ದಾರಿ. ಒಂದು, ನೆಲದ ಮೇಲೆ ನಡೆದು ಬೇರೆ ನೀರನ್ನು ಹುಡುಕುವುದು. ಇನ್ನೊಂದು, ಕೆಸರಿನೊಳಗೆ ಹುದುಗಿ ಮಲಗುವುದು. ಇದಕ್ಕೆ ಗ್ರೀಷ್ಮನಿದ್ರೆ ಎನ್ನುತ್ತಾರೆ. ಆಗ ಊಟವಿಲ್ಲ, ಓಡಾಟವಿಲ್ಲ. ದೇಹದ ಚಟುವಟಿಕೆಗಳೆಲ್ಲ ನಿಧಾನವಾಗುತ್ತವೆ; ಕೂಡಿಟ್ಟ ಕೊಬ್ಬೇ ಬುತ್ತಿ. ರಾಜಸ್ಥಾನದ ಬತ್ತುತ್ತಿದ್ದ ಕೆರೆಯೊಂದರಲ್ಲಿ ಈ ಆಮೆಗಳ ನಡವಳಿಕೆಯನ್ನು ಗಮನಿಸಿದ ವಾಲ್ಟರ್ ಆಫನ್‌ಬರ್ಗ್, 1981ರಲ್ಲಿ ಅದರ ಬಗ್ಗೆ ಲೇಖನವನ್ನೇ ಪ್ರಕಟಿಸಿದರು.

ಆಸ್ಟ್ರೇಲಿಯದ ಪ್ಲಾಟಿಪಸ್ ಕೂಡ ಸಿಹಿನೀರಿನ ಜೀವಿ, ಅದೂ ಮೊಟ್ಟೆಯಿಡುತ್ತದೆ. ಅದು ಚಳಿಗಾಲದ ಕೊರೆಯುವ ನೀರಿನಲ್ಲೂ ಬೇಟೆಯಾಡಬಲ್ಲದು. ಆದರೆ ಹೊಳೆಯೇ ಬತ್ತಿದರೆ ಕಂಗಾಲಾಗುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಸೀಮೆಯಲ್ಲಿ ಬದುಕಲು ಕೆರೆಯಾಮೆಗೆ ಈ ನಿದ್ದೆಯೇ ಆಸರೆ.

ಕಷ್ಟ ಇರುವುದೂ ಇಲ್ಲೇ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಉಳಿದ ಕೆರೆಗಳಿಗೆ ಮಳೆಯೇ ಗತಿ. ಅಲ್ಲಿ ಆಮೆ ಮಲಗುವ ಬೇಸಗೆಯೇ ಹೂಳೆತ್ತುವ ಕಾಲ. ಹೂಳು ತೆಗೆಯಲೇಬೇಕು, ಕೆರೆಗೆ ನೀರು ಹಿಡಿಸಬೇಕು, ಹೊಲಕ್ಕೆ ಗೋಡುಮಣ್ಣು ಬೇಕು. ಆದರೆ ಇಡೀ ಅಂಗಳವನ್ನು ಒಂದೇ ಬೇಸಗೆಯಲ್ಲಿ ಬಗೆಯದೆ, ತೇವ ಉಳಿದಿರುವ ಒಂದು ಮೂಲೆಯನ್ನು ಬಿಡಬಹುದಲ್ಲವೇ? ಮಣ್ಣಿನಲ್ಲಿ ಆಮೆ ಸಿಕ್ಕರೆ ಬಿಸಿಲಿನಲ್ಲಿ ಬಿಡದೆ, ಅದೇ ಕೆರೆಯ ಅಗೆಯದ ಹಸಿ ಮಣ್ಣಿಗೋ ಹತ್ತಿರದ ನೀರಿರುವ ಕೆರೆಗೋ ಸೇರಿಸಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಮಾಂಸಕ್ಕೆಂದೋ, ಅದೃಷ್ಟ ತರುತ್ತದೆಂದೋ ಇದನ್ನು ಮನೆಗೆ ಒಯ್ಯುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ, ಆನೆಗಳ ಸಾಲಿನಲ್ಲೇ, ಇದರ ಹೆಸರೂ ಇದೆ.

ಮುಂದಿನ ಮಳೆಗೆ ಕೆರೆ ತುಂಬಿದಾಗ ಏರಿಯ ಮೇಲೆ ನಿಂತು ನೋಡಿ. ನೀರಿನಿಂದ ಸಣ್ಣ ಮೂತಿಯೊಂದು ಮೇಲೆದ್ದು, ಉಸಿರೆಳೆದು ಮುಳುಗಿದರೆ, ಬೇಸಗೆಯಲ್ಲಿ ಯಾರೋ ಒಂದು ಮೂಲೆಯನ್ನು ಅಗೆಯದೆ ಬಿಟ್ಟಿದ್ದರು ಎಂದು ತಿಳಿಯಿರಿ.