ಬಾಗಿದ ಕಂಬಕ್ಕೆ ವೆಲ್ಡಿಂಗ್ ಮದ್ದಲ್ಲ

2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ತರುವಾಯ ರಾಜ್ಯಕ್ಕೊಂದು ಗೋದಾಮು ಇರಿಸಿಕೊಳ್ಳುವ ಅನಿವಾರ್ಯತೆ ತಗ್ಗಿ, ದೊಡ್ಡ ದೊಡ್ಡ ಉಗ್ರಾಣಗಳು ತಲೆಯೆತ್ತಿದವು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಗಳ ಆಸುಪಾಸಿನಲ್ಲಿ ಸಂಚರಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಂತಹ ಸಣ್ಣ ವರ್ತಕರೂ ಉತ್ಪಾದಕರೂ ನೆಲದ ಮೇಲೆ ಮೂಟೆ ಪೇರಿಸುವುದನ್ನು ಬಿಟ್ಟು ಉಕ್ಕಿನ ಪ್ಯಾಲೆಟ್ ರ‍್ಯಾಕುಗಳನ್ನು ನಿಲ್ಲಿಸಿಕೊಂಡಿದ್ದೇವೆ. ಬಾಡಿಗೆಯನ್ನು ಚದರಡಿಯ ಲೆಕ್ಕದಲ್ಲಿ ತೆರುವವರು ಸರಕನ್ನು ಮೇಲಕ್ಕೇರಿಸುವುದು ಜಾಣತನವೇ ಸರಿ. ಆದರೆ ರ‍್ಯಾಕನ್ನು ಕೊಂಡ ದಿನ ತೋರಿದ ಆಸ್ಥೆಯನ್ನು, ಅದಕ್ಕೆ ಫೋರ್ಕ್‌ಲಿಫ್ಟ್ ಬಡಿದ ದಿನ ನಾವು ತೋರುತ್ತಿಲ್ಲ.

ಬಡಿದಾಗ ನಡೆಯುವುದೇನು? ಹೆಚ್ಚಿನ ಕಡೆ ಏನೂ ನಡೆಯುವುದಿಲ್ಲ. 'ನಿಂತಿದೆಯಲ್ಲ, ಇರಲಿ ಬಿಡಿ' ಎಂಬ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಸ್ವಲ್ಪ ಕಾಳಜಿಯುಳ್ಳ ಮಾಲೀಕರಾದರೆ ಪಕ್ಕದ ಶೆಡ್ಡಿನ ವೆಲ್ಡರನ್ನು ಕರೆಸುತ್ತಾರೆ. ಆತ ಬಾಗಿದ ಭಾಗವನ್ನು ಗ್ಯಾಸಿನಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು ನೇರ ಮಾಡಿ, ಮೇಲೊಂದು ತಗಡಿನ ತುಂಡನ್ನು ಬೆಸೆದು, ಬಣ್ಣ ಹಚ್ಚಿ ಹೋಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಕ್ರಮವೇ ಹೆಚ್ಚು ಅಪಾಯಕಾರಿ. ಬಾಗಿದ ಕಂಬ ಕಣ್ಣಿಗೆ ಬೀಳುತ್ತದೆ. ಬಣ್ಣ ಹಚ್ಚಿದ ಕಂಬ ಬೀಳುವುದಿಲ್ಲ.

ರ‍್ಯಾಕಿನ ಕಂಬವು ಮನೆಯ ಗೇಟಿನಂತಹ ಗಟ್ಟಿ ಕಬ್ಬಿಣವಲ್ಲ. ಸುಮಾರು 2 ಮಿ.ಮೀ. ದಪ್ಪದ ಉಕ್ಕಿನ ಹಾಳೆಯನ್ನು ಕಾಯಿಸದೆ ರೋಲರುಗಳ ನಡುವೆ ಮಡಿಸಿ ಅದನ್ನು ತಯಾರಿಸುತ್ತಾರೆ. ಅದರ ಬಲವಿರುವುದು ಆ ಮಡಿಕೆಗಳ ಆಕಾರದಲ್ಲಿ. ತಣ್ಣಗೆ ಮಡಿಸಿದ್ದರಿಂದ ಉಕ್ಕಿಗೆ ಬಂದ ಗಡಸುತನವೂ ಅದಕ್ಕೆ ಸೇರಿಕೊಳ್ಳುತ್ತದೆ. ಪೆಟ್ಟು ಬಿದ್ದರೆ ಆಕಾರ ಕೆಡುತ್ತದೆ, ಕಾಯಿಸಿದರೆ ಗಡಸುತನ ಕೆಡುತ್ತದೆ, ಸುತ್ತಿಗೆಯಿಂದ ಬಡಿದರೆ ತೊಲೆ ಸಿಕ್ಕಿಸುವ ರಂಧ್ರಗಳ ಅಂಚಿನಲ್ಲಿ ಸೀಳು ಹುಟ್ಟಬಹುದು. ಇನ್ನು ಹೊರೆಯ ಲೆಕ್ಕ ನೋಡಿ. ಒಂದು ಅಂಕಣದಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು ಪ್ಯಾಲೆಟ್, ಪ್ಯಾಲೆಟ್ಟಿಗೆ ಒಂದು ಟನ್ ಎಂದಿಟ್ಟುಕೊಂಡರೆ ಅಂಕಣಕ್ಕೆ 8 ಟನ್ ಆಯಿತು. ನಡುವಣ ಚೌಕಟ್ಟು ಎರಡೂ ಪಕ್ಕದ ಅಂಕಣಗಳ ಅರ್ಧರ್ಧ ಭಾರವನ್ನು ಹೊರುವುದರಿಂದ ಅದರ ಒಂದೊಂದು ಕಂಬದ ಮೇಲೆ 4 ಟನ್. ಈ ಕಂಬ ಕುಸಿದರೆ ಅದಕ್ಕೆ ತಗುಲಿದ ಎರಡೂ ಅಂಕಣಗಳು ಬೀಳುತ್ತವೆ. ಅವು ಮುಂದಿನವನ್ನು ಎಳೆಯುತ್ತವೆ.

ಇದು ಊಹೆಯ ಮಾತಲ್ಲ. 2016ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರಿನ ಗೋದಾಮೊಂದರಲ್ಲಿ ಚೀಸ್ ತುಂಬಿದ ರ‍್ಯಾಕುಗಳು ಸಾಲುಸಾಲಾಗಿ ಉರುಳಿ, ಫೋರ್ಕ್‌ಲಿಫ್ಟ್ ಚಾಲಕನೊಬ್ಬ ಸುಮಾರು ಎಂಟು ಗಂಟೆ ಕಾಲ ಅವುಗಳಡಿ ಸಿಲುಕಿದ್ದ. ಅದೃಷ್ಟವಶಾತ್ ಬದುಕಿದ. 2020ರ ಅಕ್ಟೋಬರಿನಲ್ಲಿ ಬ್ರೆಜಿಲ್ಲಿನ ಸಾವೊ ಲೂಯಿಸ್ ನಗರದ ಸಗಟು ಮಳಿಗೆಯಲ್ಲಿ ಇಂತಹದೇ ಕುಸಿತಕ್ಕೆ ಉದ್ಯೋಗಿಯೊಬ್ಬರು ಬಲಿಯಾದರು. ನಮ್ಮ ವಿಜಯಪುರದಲ್ಲಿ 2023ರ ಡಿಸೆಂಬರಿನಲ್ಲಿ ಮೆಕ್ಕೆಜೋಳದ ಮೂಟೆಗಳಡಿ ಸಿಲುಕಿ ಬಿಹಾರದಿಂದ ಬಂದಿದ್ದ ಏಳು ಮಂದಿ ಕೂಲಿಕಾರರು ಅಸುನೀಗಿದರು. ಅದು ಪ್ಯಾಲೆಟ್ ರ‍್ಯಾಕಿನ ಪ್ರಕರಣವಲ್ಲ, ನಿಜ. ಆದರೆ ಎತ್ತರಕ್ಕೆ ಪೇರಿಸಿದ ದಾಸ್ತಾನು ಕೆಳಗಿದ್ದವರಿಗೆ ಓಡಲು ಸಮಯ ಕೊಡುವುದಿಲ್ಲ ಎಂಬುದು ಎರಡರಲ್ಲೂ ಒಂದೇ.

ಹಾಗಾದರೆ ಪ್ರತಿಯೊಂದು ತಗ್ಗಿಗೂ ಕಂಬ ಬದಲಿಸಬೇಕೆ? ಬೇಕಿಲ್ಲ. ಯೂರೋಪಿನ ಇಎನ್ 15635 ಮಾನಕವು ಸರಳವಾದ ಅಳತೆಯೊಂದನ್ನು ಹೇಳುತ್ತದೆ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಕಂಬಕ್ಕೆ ಹಿಡಿದು ಅಂತರವನ್ನು ಅಳೆಯಬೇಕು. ತೊಲೆಗಳು ಚಾಚಿರುವ ದಿಕ್ಕಿನಲ್ಲಿ ಬಾಗು 5 ಮಿ.ಮೀ., ಚೌಕಟ್ಟಿನ ಆಳದ ದಿಕ್ಕಿನಲ್ಲಿ 3 ಮಿ.ಮೀ., ಓರೆಪಟ್ಟಿಗಳಲ್ಲಿ 10 ಮಿ.ಮೀ. ಮೀರದಿದ್ದರೆ ಹಸಿರು: ಗುರುತು ಹಾಕಿ ಗಮನಿಸುತ್ತಿದ್ದರೆ ಸಾಕು. ಮೀರಿದರೆ ಹಳದಿ: ಇರುವ ಸರಕು ಖಾಲಿಯಾದ ಮೇಲೆ ದುರಸ್ತಿಯಾಗುವವರೆಗೆ ಮತ್ತೆ ತುಂಬುವಂತಿಲ್ಲ. ಆ ಮಿತಿಯ ಇಮ್ಮಡಿಯನ್ನೂ ದಾಟಿದರೆ ಕೆಂಪು: ಆ ಕ್ಷಣವೇ ಇಳಿಸಬೇಕು. ಸೀಳು ಅಥವಾ ಚೂಪಾದ ಮಡಿಕೆ ಕಂಡಲ್ಲಿ ಈ ಅಳತೆಯ ರಿಯಾಯಿತಿ ಇಲ್ಲ. ಇದಕ್ಕೆ ತಗಲುವುದು ಒಂದು ಪಟ್ಟಿ, ಒಂದು ಅಳತೆಗೋಲು, ವಾರಕ್ಕೆ ಅರ್ಧ ಗಂಟೆ.

ದುರಸ್ತಿಗೆ ಮೊದಲ ಆಯ್ಕೆ ಮೂಲ ತಯಾರಕರಿಂದಲೇ ಅದೇ ಮಾದರಿಯ ಕಂಬವನ್ನು ತರಿಸಿ ಬದಲಿಸುವುದು. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಬೋಲ್ಟಿನಿಂದ ಹೊಸ ಕಾಲು ಜೋಡಿಸುವ ಕಿಟ್‌ಗಳೂ ಇವೆ. ಭಾರದ ಲೆಕ್ಕವನ್ನು ಅರ್ಹ ಎಂಜಿನಿಯರು ಬರೆದುಕೊಟ್ಟರೆ ಮಾತ್ರ ಅವು ಸ್ವೀಕಾರಾರ್ಹ. ಯಾವುದೇ ಆದರೂ ರ‍್ಯಾಕನ್ನು ಖಾಲಿ ಮಾಡಿಯೇ ಕೈಹಾಕಬೇಕು. ನಮ್ಮಲ್ಲಿ ತೊಡಕಿರುವುದು ಹಳೆಯ ರ‍್ಯಾಕುಗಳ ವಿಷಯದಲ್ಲಿ. ಮುಚ್ಚಿದ ಕಂಪನಿಯಿಂದ ತೂಕದ ಲೆಕ್ಕದಲ್ಲಿ ಕೊಂಡು ತಂದ ರ‍್ಯಾಕಿಗೆ ತಯಾರಕರ ಹೆಸರಿರುವುದಿಲ್ಲ, ಭಾರದ ಫಲಕವಂತೂ ಇಲ್ಲವೇ ಇಲ್ಲ. ಕೊಕ್ಕೆ ಕೂರುತ್ತದೆ ಎಂದು ಒಬ್ಬರ ಕಂಬಕ್ಕೆ ಮತ್ತೊಬ್ಬರ ತೊಲೆ ಸಿಕ್ಕಿಸುವುದೂ ಉಂಟು. ಇಂತಹ ರ‍್ಯಾಕಿನಲ್ಲಿ ಕಂಬ ಬಾಗಿದರೆ ಆ ಅಂಕಣವನ್ನು ಕಳಚಿ ಗುಜರಿಗೆ ಹಾಕುವುದೇ ಲೇಸು. ಕಹಿ ಎನಿಸಿದರೂ ಹೇಳಬೇಕಾದ ಮಾತಿದು.

ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ರ‍್ಯಾಕಿಗೆ ತಗುಲಿಸಿದ ಚಾಲಕನ ಸಂಬಳದಲ್ಲಿ ಹಣ ಮುರಿದುಕೊಳ್ಳುವ ಪದ್ಧತಿ ಹಲವೆಡೆ ಇದೆ. ಮುಂದಿನ ಬಾರಿ ತಗುಲಿದಾಗ ಆತ ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ನಡೆದದ್ದು ಯಾರಿಗೂ ತಿಳಿಯುವುದಿಲ್ಲ. ಕಂಬವೊಂದರ ಬೆಲೆ ಉಳಿಸಲು ಹೋಗಿ ನಾವು ಕೊಂಡುಕೊಳ್ಳುತ್ತಿರುವುದು ಮೌನವನ್ನು. ತಾನಾಗಿ ಬಂದು ತಿಳಿಸಿದವನಿಗೆ ದಂಡವಿಲ್ಲ ಎಂದು ಮಾಲೀಕರು ಬಾಯಿಬಿಟ್ಟು ಹೇಳಬೇಕು, ಹೇಳಿದಂತೆ ನಡೆದುಕೊಳ್ಳಲೂ ಬೇಕು. ಹಾಗೆಯೇ ಬಾಡಿಗೆ ಗೋದಾಮುಗಳಲ್ಲಿ ರ‍್ಯಾಕಿನ ದುರಸ್ತಿ ಕಟ್ಟಡದ ಒಡೆಯರದೋ ಬಾಡಿಗೆದಾರರದೋ ಎಂಬುದು ಕರಾರಿನಲ್ಲೇ ಬರೆದಿರಲಿ.

ವರ್ಷಕ್ಕೊಮ್ಮೆ ತಜ್ಞರಿಂದ ತಪಾಸಣೆ ಆಗಬೇಕೆಂದು ಅದೇ ಮಾನಕ ಹೇಳುತ್ತದೆ. ಹತ್ತು ಹದಿನೈದು ಅಂಕಣಗಳಿರುವ ಸಣ್ಣ ಸದಸ್ಯರಿಗೆ ಒಬ್ಬೊಬ್ಬರೇ ತಜ್ಞರನ್ನು ಕರೆಸುವುದು ದುಬಾರಿಯಾದೀತು. ಒಂದು ಕೈಗಾರಿಕಾ ವಸಾಹತಿನ ಇಪ್ಪತ್ತು ಮಂದಿ ಸೇರಿ ಒಂದೇ ವಾರದಲ್ಲಿ ತಪಾಸಣೆ ಮಾಡಿಸಿಕೊಂಡರೆ ವೆಚ್ಚ ಹಂಚಿಹೋಗುತ್ತದೆ. ನಮ್ಮ ಸಂಸ್ಥೆಯ ಕೈಗಾರಿಕಾ ಸಮಿತಿಯು ಮೊದಲು ಒಂದು ವಸಾಹತಿನಲ್ಲಿ ಇದನ್ನು ಏರ್ಪಡಿಸಲಿ. ಆಸಕ್ತ ಸದಸ್ಯರು ತಮ್ಮಲ್ಲಿರುವ ಅಂಕಣಗಳ ಸಂಖ್ಯೆಯನ್ನು ಕಾರ್ಯಾಲಯಕ್ಕೆ ಬರೆದು ತಿಳಿಸಲಿ.